ನಂಜುಂಡೇಶನ ನೀಲಿ ನೋಟುಬುಕ್ಕು

ಸಮಾಧಿ ಗುಂಡಿಯ ಗೂಡಿನಲ್ಲಿ ನಂಜುಂಡೇಶನ ಶವವನ್ನು ಕೂರಿಸಿ ಅಂಗೈಗೆ ಲಿಂಗ ಇಡುತ್ತಿದ್ದಾಗ, ಹೆಂಡತಿ ಸರ್ವಮಂಗಳ ಸೆರಗಿನಡಿಯಿಂದ ನೀಲಿ ರಟ್ಟಿನ ನೋಟುಬುಕ್ಕು ತೆಗೆದಳು. ಅವನ ಆಫೀಸಿನ ಸುನೀತಾ ಅದನ್ನು ಕಂಡೊಡನೆ ಗುರುತಿಸಿದಳು.

ಕಟ್ಟಬೆಟ್ಟಿನ ಟೀ ಫ್ಯಾಕ್ಟರಿಯಲ್ಲಿ ಬೆಳೆಗಾರರ ಎಲೆ ತೂಕ ಹಿಡಿಯುವ ಕಂಪ್ಯೂಟರ್ ಪ್ರೋಗ್ರಾಂ ಅವನೊಬ್ಬನೇ ಬರೆದದ್ದು. ಅದರ ಒಳಗುಟ್ಟೆಲ್ಲ ಆ ಬುಕ್ಕಿನಲ್ಲಿತ್ತು. ಇನ್ನು ಮೂರು ದಿನಕ್ಕೆ ಎರಡು ಸಾವಿರದ ಇಸವಿ. ಅಷ್ಟರಲ್ಲಿ, ಇಸವಿಯ ಕೊನೆಯ ಎರಡೇ ಅಂಕಿ ಹಿಡಿಯುವ ತಾರೀಖಿನ ಭಾಗ ತಿದ್ದದಿದ್ದರೆ ಪ್ರೋಗ್ರಾಂ ನಿಂತುಹೋಗುತ್ತದೆ. ಆ ಕೆಲಸ ಈಗ ಅವನ ಕೈಕೆಳಗಿದ್ದ ಸುನೀತಾಳ ತಲೆಯ ಮೇಲೆ ಬಿದ್ದಿತ್ತು.

"ತಲೆದೆಸೇಲಿ ಇಟ್ಕೊಂಡೇ ಮಲಗ್ತಿದ್ರು," ಎಂದಳು ಸರ್ವಮಂಗಳ. "ಇವರ ಜೊತೆಗೇ ಹೋಗ್ಲಿ ಅಂತ ನನಗೆ ಆಸೆ. ಆಫೀಸಿಗೆ ಬೇಕಾ ಸುನೀತಾ? ಬೇಕಂದ್ರೆ ಕೊಡ್ತೀನಮ್ಮ."

*

ಈ ಬುಕ್ಕಿನ ಸಲುವಾಗಿ ನಂಜುಂಡೇಶನೂ ಸುನೀತಾಳೂ ಎರಡು ವರ್ಷ ಜಗಳವಾಡಿದ್ದರು.

"ಸಾರ್, ಬರೆದದ್ದೆಲ್ಲ ಪ್ರೋಗ್ರಾಮಿನ ಒಳಗೇ ಇರ್ಲಿ. ತೆಗೆದವರ ಕಣ್ಣಿಗೆ ಅಲ್ಲೇ ಬೀಳುತ್ತೆ."

"ಈ ಮಂಜಿಗೆ ಫ್ಲಾಪಿಗೆಲ್ಲ ಬೂಸ್ಟು ಹಿಡಿಯುತ್ತಮ್ಮ. ಕಾಗದ ಆದ್ರೆ ಒಲೆ ಮುಂದೆ ಒಣಗಿಸ್ಕೋಬಹುದು."

ಹಾಗೆ ಒಣಗಿಸಿ ಒಣಗಿಸಿ ಬುಕ್ಕು ಹಪ್ಪಳದಂತೆ ಸೊಟ್ಟಗಾಗಿತ್ತು. ಮೊಂಡ ಮನುಷ್ಯ. ಆದರೆ ಹೋದ ತಿಂಗಳು, ಎದೆನೋವು ಶುರುವಾದ ಮೇಲೆ, ತಾನಾಗಿಯೇ ಬಂದು ಹೇಳಿದ್ದ: "ನೀನೇ ಗೆದ್ದೆ ಕಣಮ್ಮ. ಒಂದೊಂದು ಭಾಗಕ್ಕೂ ಒಳಗೇ ಬರೆದಿಟ್ಟಿದ್ದೀನಿ."

ಸಾರ್ ಹೇಳಿದ ಮೇಲೆ ಮುಗಿಯಿತೆಂದು ಅವಳು ತೆರೆದು ನೋಡಿರಲಿಲ್ಲ.

*

"ಬೇಡ ಅಕ್ಕ," ಎಂದಳು ಸುನೀತಾ. "ಎಲ್ಲಾ ಕಂಪ್ಯೂಟರ್ನಲ್ಲೇ ಇದೆ. ಅದು ಅವರ ಹತ್ರಾನೇ ಇರ್ಲಿ."

ಸರ್ವಮಂಗಳ ಬುಕ್ಕನ್ನು ಗಂಡನ ಮಡಿಲಲ್ಲಿಡಿಸಿದಳು. ಮೇಲೆ ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಸುನೀತಾಳೂ ಮೂರು ಹಿಡಿ ಹಾಕಿದಳು. ಅಂದು ಗೆದ್ದೆನೆಂದು ಹಿಗ್ಗಿದ್ದು ನೆನಪಾಗಿ ಅಳು ಬಂತು.

ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡವಳೇ ಫ್ಯಾಕ್ಟರಿಗೆ ಬಂದು ಪ್ರೋಗ್ರಾಂ ತೆರೆದಳು. ತಾರೀಖಿನ ಭಾಗದ ನೆತ್ತಿಯಲ್ಲಿ ಅವನು ನಿಜಕ್ಕೂ ಬರೆದಿಟ್ಟಿದ್ದ.

ವಿವರಕ್ಕೆ ನೀಲಿ ನೋಟುಬುಕ್ಕು, ಪುಟ ೪೧ ನೋಡಿ.

ತೂಕದ ಭಾಗಕ್ಕೆ ಇಳಿದಳು. ನೀಲಿ ನೋಟುಬುಕ್ಕು, ಪುಟ ೧೭. ಬೆಳೆಗಾರರ ಹೆಸರಿನ ಭಾಗ: ಪುಟ ೮. ಒಂದನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ.

"ಹೊಸ ವರ್ಷಕ್ಕೆ ಎಲ್ಲಾ ಸರಿಯಾಗಿದೆ ತಾನೆ ಸುನೀತಾ?" ತಕ್ಕಡಿ ಕಟ್ಟೆಯಿಂದ ಗುಮಾಸ್ತ ರಾಜಾಮಣಿ ಕೇಳಿದ.

ಅವಳು ಕೀಬೋರ್ಡಿನ ಕೆಳಬಾಣದ ಕೀಲಿಯನ್ನು ಒತ್ತುತ್ತಲೇ ಇದ್ದಳು. ಆ ಬೆರಳಿನ ಉಗುರಿನಡಿ ಗುಂಡಿಯ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು.