ಕೇಳಿಸುತ್ತಿದೆ ಎಂದವನು

ಗೋಡೆಯೊಳಗೆಲ್ಲೋ ನೀರು ಸೋರುತ್ತಿದೆ, ಇಲ್ಲೇ, ಈ ಬೆಂಚಿನ ಹಿಂದೆಯೇ, ಅರ್ಧ ಇಂಚಿನ ಕೊಳವೆ ಇರಬೇಕು, ಸದ್ದು ಅಷ್ಟು ಸಣ್ಣ, ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಡುವ ಹಾಗೆ — ಮೇಲಿನ ಮಹಡಿಯ ಬಚ್ಚಲಿನ ಹತ್ತಿರ ಬೆಸುಗೆ ಬಿಟ್ಟಿದೆ, ಇನ್ನೆರಡು ತಿಂಗಳಲ್ಲಿ ಸುಣ್ಣ ಉಬ್ಬಿ ಉದುರುತ್ತದೆ, ಆಗ ಆಸ್ಪತ್ರೆಯವರು ಎದ್ದೆನೋ ಬಿದ್ದೆನೋ ಎಂದು ಓಡಾಡುತ್ತಾರೆ, ಈಗ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೇಳಬೇಕಾದ್ದು ಬೇರೆಯೇ ಇದೆ. ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ, ಎಂಟೂವರೆ ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಹೊಟ್ಟೆಯೊಳಗಿನದು ಶನಿವಾರ ಮಧ್ಯಾಹ್ನದಿಂದ ಮಿಸುಕಿಲ್ಲ, ಇವತ್ತು ಸೋಮವಾರ, ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗುತ್ತಿದೆ, ಇದೆಲ್ಲ ಅವನಿಗೆ ಗೊತ್ತಿದೆ, ಗೊತ್ತಿದ್ದೂ ಅವನ ತಲೆ ಅರ್ಧ ಇಂಚಿನ ಕೊಳವೆಯ ಹಿಂದೆ ಹೋಗಿದೆ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಆಗಿದೆ, ಕಾಲಿಗಲ್ಲ, ಇಡೀ ಮನುಷ್ಯನಿಗೆ.

ಮೊದಲನೇದಾ, ಎಂದು ಕೇಳುತ್ತಿದ್ದಾಳೆ ಆಚೆ ಪಕ್ಕದ ಅಜ್ಜಿ, ಸೊಸೆಯನ್ನು ಕರೆದುಕೊಂಡು ಬಂದವಳು, ಹೌದು ಅಜ್ಜಿ, ಎನ್ನುತ್ತಾಳೆ ಇವಳು, ಸ್ವಲ್ಪ ಓಡಾಟ ಕಡಿಮೆ ಆಗಿದೆ, ಅದಕ್ಕೇ ತೋರಿಸ್ಕೊಂಡು ಹೋಗೋಣ ಅಂತ, ಆದ್ರೆ ಭಯ ಏನಿಲ್ಲ, ನಿನ್ನೆ ಇವ್ರು ಕೇಳಿದ್ದಾರೆ, ಎದೆಬಡಿತ ಚೆನ್ನಾಗೇ ಇತ್ತು. ಇವ್ರು ಅಂದ್ರೆ, ನಿನ್ನ ಗಂಡನಾ, ಡಾಕ್ಟ್ರಾ ಅವ್ನು? ಅಯ್ಯೋ ಇಲ್ಲ ಅಜ್ಜಿ, ನೀರಿನ ಇಲಾಖೇಲಿ ಇದ್ದಾರೆ, ಇವ್ರ ಕೆಲ್ಸಾನೇ ಕೇಳೋದು, ರಸ್ತೆ ಕೆಳಗೆ ಪೈಪು ಎಲ್ಲಿ ಸೋರ್ತಿದೆ ಅಂತ ಕೇಳಿನೇ ಹೇಳ್ತಾರೆ, ಇಲ್ಲೀವರೆಗೂ ತಪ್ಪಿಲ್ಲ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡುತ್ತಾಳೆ, ಪುಣ್ಯವಂತೆ ಬಿಡಮ್ಮ, ನಮ್ಮನೆಯವ್ರಿಗೆ ಪಕ್ಕದಲ್ಲೇ ನಿಂತು ಕೂಗಿದ್ರೂ ಕೇಳಿಸ್ತಿರ್ಲಿಲ್ಲ. ಇಬ್ಬರೂ ನಕ್ಕರು. ಅವನೂ ನಕ್ಕ, ನಗುವುದು ಸುಲಭ, ತುಟಿ ಅಗಲ ಮಾಡಿದರೆ ಆಯಿತು. ತಪ್ಪಿಲ್ಲ ಎಂಬುದೂ ಸುಳ್ಳೇ, ಹನ್ನೊಂದು ವರ್ಷದಲ್ಲಿ ಒಂದು ಸಲ ತಪ್ಪಿತ್ತು, ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆ ಆಳುಗಳು ಎದೆಯಾಳ ಅಗೆದರೂ ಒಣ ಮಣ್ಣು, ಎಲ್ಲರೂ ಅವನ ಮುಖ ನೋಡಿದಾಗ, ನೀರು ಜಾಗ ಬದಲಾಯಿಸಿದೆ, ಎಂದಿದ್ದ, ಅದೂ ಗಟ್ಟಿಯಾಗಿ, ಮೇಸ್ತ್ರಿ ಒಪ್ಪಿಯೂ ಬಿಟ್ಟಿದ್ದ, ಕಿವಿಯಪ್ಪ ಹೇಳಿದ ಮೇಲೆ ಮುಗೀತು ಅಂತ. ಕಿವಿಯಪ್ಪ ಎಂದೇ ಅವನನ್ನು ಕರೆಯುವುದು, ಸಂಬಳದ ಚೀಟಿಯಲ್ಲಿ ಮಾತ್ರ ಬೇರೆ ಹೆಸರಿದೆ. ನನಗೆ ಕೇಳಿಸಲಿಲ್ಲ ಎಂಬ ಮಾತಿಗೆ ಅವನ ನಾಲಿಗೆ ಹೊರಳುವುದೇ ಇಲ್ಲ, ಹೊರಳಿದರೆ ಇನ್ನೊಬ್ಬನನ್ನು ಕರೆಸುತ್ತಾರೆ, ಆ ಇನ್ನೊಬ್ಬನಿಗೆ ಕೇಳಿಸಿಬಿಟ್ಟರೆ?

ನಾಲ್ಕು ತಿಂಗಳ ಹಿಂದೆ, ಮಗು ಮೊದಲ ಸಲ ಒದ್ದ ದಿನ, ಅವನು ಕೆಲಸ ಮುಗಿಸಿ ಬಂದಾಗ ಹತ್ತು ಗಂಟೆ, ದಿನವೂ ಅಷ್ಟೇ, ವಾಹನಗಳ ಗಲಾಟೆ ಶುರುವಾಗುವ ಮೊದಲೇ ರಸ್ತೆ ಕೇಳಿ ಮುಗಿಸಬೇಕು, ಐದಕ್ಕೆ ಹೋದರೆ ಹತ್ತಕ್ಕೆ ಮನೆ. ಇವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ, ಯಾರದೋ ಮನೆಯ ಪರದೆಗಳು ನೆಲದ ತುಂಬ, ಕೊರಳಲ್ಲಿ ಅಳತೆಪಟ್ಟಿ, ರೀ ಬನ್ನಿ ಬನ್ನಿ, ಒದೀತು, ಈಗ ಒದೀತು, ನಿಮ್ಮ ಕೋಲು ತನ್ನಿ, ಕೇಳಿಸುತ್ತಾ ನೋಡಿ. ಕೋಲು ಎಂದರೆ ರಸ್ತೆಗೆ ಊರಿ ಕೇಳುವ ಎದೆಯುದ್ದದ ಕಬ್ಬಿಣದ ಸರಳು, ಮೇಲಿನ ತುದಿಗೆ ಕಿವಿಗೆ ಹೊಂದುವ ಮರದ ಬಟ್ಟಲು, ಹೊಟ್ಟೆಗೆ ಸರಳು ಚುಚ್ಚಲಾಗುತ್ತದೆಯೇ, ಬಟ್ಟಲನ್ನು ಮಾತ್ರ ತಿರುಚಿ ಬಿಡಿಸಿ, ಬಿಸಿನೀರಲ್ಲಿ ತೊಳೆದು, ಅಂಗಿಯಂಚಲ್ಲಿ ಒರೆಸಿ, ಹೊಕ್ಕುಳ ಕೆಳಗೆ ಎಡಕ್ಕೆ ಇಟ್ಟ, ಕಿವಿ ಹಚ್ಚಿದ. ಏನೇನೋ ಕೇಳಿಸಿತು, ಬಟ್ಟೆ ಉಜ್ಜುವುದು, ಅವಳ ಬೆಳಗಿನ ತಿಂಡಿ ಗುಳುಗುಳು ಇಳಿಯುವುದು, ಅವಳು ತಡೆದುಕೊಂಡ ನಗು, ಅದೊಂದು ಮಾತ್ರ ಇಲ್ಲ. ಇನ್ನೊಂದು ಗಳಿಗೆ ಕೊಟ್ಟಿದ್ದರೆ ಸಿಗುತ್ತಿತ್ತೇನೋ, ಅಷ್ಟರಲ್ಲಿ ಅವಳು ಉಸಿರು ಹಿಡಿದುಬಿಟ್ಟಳು, ಅವನಿಗೆ ತೊಂದರೆಯಾಗಬಾರದೆಂದು, ಅವನಿಗಾಗಿ ಈ ಪ್ರಪಂಚದಲ್ಲಿ ಯಾರೂ ಉಸಿರು ಹಿಡಿದವರಿಲ್ಲ, ಆಳುಗಳು ಬೀಡಿ ಕೂಡ ಆರಿಸುವುದಿಲ್ಲ — ಕೇಳಿಸ್ತಾ? ಹ್ಞೂಂ, ಎಂದ. ನಿಜವಾಗ್ಲೂ? ಹ್ಞೂಂ, ಕೇಳಿಸ್ತಿದೆ. ಹೇಗಿದೆ? ಹೇಗಿದೆ ಎಂದರೆ ಏನು ಹೇಳುವುದು, ಅವಳ ಮಣಿಕಟ್ಟು ಹಿಡಿದು ಎರಡು ಬೆರಳಿನಿಂದ ಬಡಿದು ತೋರಿಸಿದ, ಟಕ್, ಟಕ್, ಟಕ್, ನಿಧಾನಕ್ಕೆ, ಒಂದೇ ಸಮ. ಆ ಲಯ ಎಲ್ಲಿಂದ ಬಂತೆಂದು ಆಮೇಲೆ ಹೊಳೆಯಿತು, ಅದು ಇಲಾಖೆಯ ಹಳೇ ಪಂಪಿನದು, ದಿನವೂ ಹಾಜರಿ ಹಾಕುವ ಕೋಣೆಯ ಹಿಂದೆ ಬಡಿದುಕೊಳ್ಳುವುದು. ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅಂದು ಅವನಿಗೆ ಸಂತೋಷವೇ ಆಗಿತ್ತು, ಸುಳ್ಳೇಕೆ.

ಅಲ್ಲಿಂದ ಅದೊಂದು ಪದ್ಧತಿಯಾಯಿತು, ಹತ್ತಕ್ಕೆ ಬರುವುದು, ಕೈಕಾಲು ತೊಳೆಯುವುದು, ಬಟ್ಟಲು ಇಡುವುದು, ಬಡಿಯುವುದು. ಅವಳು ಆ ಲಯವನ್ನು ಬಾಯಿಪಾಠ ಮಾಡಿಕೊಂಡಳು, ಫೋನಿನಲ್ಲಿ ತನ್ನ ಅಮ್ಮನಿಗೂ ಬಡಿದು ಕೇಳಿಸಿದಳು, ಆ ಕಡೆಯಿಂದ ಅತ್ತೆಯ ದನಿ, ಅಳಿಯಂದ್ರು ಕೇಳಿದ್ದಾರೆ ಅಂದ್ಮೇಲೆ ಇನ್ನೇನು ಯೋಚನೆ, ಬೀದಿಯವರಿಗೆಲ್ಲ ಹೇಳಿದ್ದೀನಿ. ಬೀದಿಯವರಿಗೆಲ್ಲ! ಬಡಾವಣೆಯ ಚಿಕ್ಕ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ನರ್ಸಮ್ಮ ತನ್ನ ಕೊಳವೆ ಇಟ್ಟು ಕೇಳಿ, ಚೆನ್ನಾಗಿದೆ, ಎಂದು ಬರೆದು ಕಳಿಸುತ್ತಿದ್ದಳು, ಸದ್ದು ಅವಳ ಕಿವಿಗಷ್ಟೇ, ಅಮ್ಮಾ ಎಲ್ಲಿ ಇಟ್ಟು ಕೇಳ್ಬೇಕು, ಎಂದು ಒಂದು ಮಾತು ವಿಚಾರಿಸಿದ್ದರೆ ಹೇಳಿಕೊಡುತ್ತಿದ್ದಳು, ಕಿವಿಯಪ್ಪ ವಿಚಾರಿಸುತ್ತಾನೆಯೇ. ಮೊದಮೊದಲು ಅವನು ನಿಜಕ್ಕೂ ಹುಡುಕುತ್ತಿದ್ದ, ಎಡಕ್ಕೆ, ಬಲಕ್ಕೆ, ಪಕ್ಕೆಗೆ, ಏಳನೇ ತಿಂಗಳ ಹೊತ್ತಿಗೆ ಹುಡುಕುವುದನ್ನೂ ಬಿಟ್ಟ, ಬಟ್ಟಲು ಇಟ್ಟು ಕಣ್ಣು ಮುಚ್ಚಿ ಇಪ್ಪತ್ತು ಎಣಿಸಿ ಎರಡು ಬೆರಳು ಎತ್ತುತ್ತಿದ್ದ. ಯಾರಿಗೂ ಕೆಡುಕಾಗದ ಸುಳ್ಳು ಎಂದುಕೊಂಡಿದ್ದ, ಮಗು ಹೇಗೂ ಒದೆಯುತ್ತಿತ್ತಲ್ಲ, ಅಷ್ಟು ಸಾಕಿತ್ತಲ್ಲ.

ನಿನ್ನೆ ಅವಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಭಾನುವಾರ, ರಜೆ, ಅವನು ಎದ್ದು ಬಂದರೆ ಬಾಗಿಲಲ್ಲಿ ತಲೆ ಬಾಚಿ, ಚೀಲ ಹಿಡಿದು, ನಿನ್ನೆ ಮಧ್ಯಾಹ್ನದಿಂದ ಯಾಕೋ ಸುಮ್ನಿದೆ ಕಣ್ರೀ, ನರ್ಸಮ್ಮ ಹೇಳಿದ್ರಲ್ಲ, ಓಡಾಟ ಕಡಿಮೆ ಆದ್ರೆ ತಕ್ಷಣ ದೊಡ್ಡಾಸ್ಪತ್ರೆಗೆ ಬನ್ನಿ ಅಂತ, ಹೋಗ್ಬರೋಣ್ವಾ — ಇಲ್ಲ, ಒಂದ್ಸಲ ನೀವು ಕೇಳಿಬಿಡಿ, ನೀವು ಸರಿಯಾಗಿದೆ ಅಂದ್ರೆ ಸಾಕು. ಆಗ ಹೇಳಬಹುದಿತ್ತು. ಹೇಳುವುದೂ ಬೇಡವಾಗಿತ್ತು, ನಡಿ ಹೋಗೋಣ, ಎಂದಿದ್ದರೆ ಮುಗಿದಿತ್ತು, ಎರಡು ಮಾತು. ಅವನ ಕೈ ಬಟ್ಟಲಿಗೆ ಹೋಯಿತು. ಕಿವಿ ಹಚ್ಚಿದ, ಒಳಗೆ ಒಣ ಮಣ್ಣಿನ ಸದ್ದು, ಎಂದರೆ ಏನೂ ಇಲ್ಲ, ದಿನವೂ ಇಲ್ಲದ್ದು ಇವತ್ತೂ ಇಲ್ಲ, ಹಾಗಾದರೆ ಇವತ್ತು ಇಲ್ಲ ಎಂಬುದು ಹೇಗೆ ಗೊತ್ತಾಗಬೇಕು, ಬೆರಳು ತಾವಾಗಿಯೇ ಬಡಿದವು, ಟಕ್, ಟಕ್. ಅಬ್ಬ, ಎಂದಳು ಅವಳು, ಬಾಗಿಲಿಗೆ ಕೈ ಊರಿಕೊಂಡು ಬಗ್ಗಲಾರದೆ ಒಂದು ಕಾಲಿನಿಂದ ಇನ್ನೊಂದರ ಚಪ್ಪಲಿ ಜಾರಿಸಿ ಬಿಚ್ಚಿದಳು. ಮಧ್ಯಾಹ್ನ ಇನ್ನೊಂದು ಸಲ ಕೇಳಿಸಿಕೊಂಡಳು, ಆಗಲೂ ಬೆರಳು ಬಡಿದವು. ಇವತ್ತು, ಸೋಮವಾರ, ಅವನು ಹತ್ತಕ್ಕೆ ಬಂದಾಗ ಮತ್ತೆ ಚಪ್ಪಲಿ ಹಾಕಿ ಕೂತಿದ್ದಳು, ಕೇಳಿ ಎನ್ನಲಿಲ್ಲ, ನಿಮ್ಮ ಕಿವಿ ಸರಿಯಾಗೇ ಇರುತ್ತೆ, ನನ್ನ ಮನಸ್ಸಿಗೇ ಸಮಾಧಾನ ಇಲ್ಲ, ನಡೀರಿ, ಎಂದಳು, ತಪ್ಪು ತನ್ನದೇ ಎಂಬಂತೆ. ಆಟೋದಲ್ಲಿ ಕೂತಾಗಿನಿಂದ ಅವನಿಗೆ ಏನೂ ಅನ್ನಿಸುತ್ತಿಲ್ಲ.

ಹೆಸರು ಕೂಗುತ್ತಿದ್ದಾರೆ, ಅವಳದೇ, ಏಳಲು ಕೈ ಕೊಟ್ಟ, ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟು, ಬಿಸಿಯಾಗಿವೆ. ಒಳಗೆ ಪರದೆ, ಮಂಚ, ಮಂಚಕ್ಕೆ ಉಕ್ಕಿನ ಕಟಕಟೆ, ಇವಳು ಮಲಗುತ್ತಲೇ ಪರದೆಯ ಅಂಚು ಮುಟ್ಟಿ ನೋಡಿದಳು, ಎಷ್ಟು ಕೆಟ್ಟ ಹೊಲಿಗೆ ನೋಡಿ, ಎಂದಳು ಅವನಿಗೆ ಮಾತ್ರ ಕೇಳಿಸುವಂತೆ. ಡಾಕ್ಟರಮ್ಮ ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ಮಾತು ಕಡಿಮೆ, ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿ ಬಿಲ್ಲೆಯಂಥದ್ದನ್ನು ಒತ್ತಿದಳು, ಯಂತ್ರದಿಂದ ಬರೀ ಗರಗರ. ಜಾಗ ಬದಲಾಯಿಸಿದಳು, ಗರಗರ. ಇನ್ನೊಂದು ಜಾಗ. ಅವನು ಆ ಗರಗರದಲ್ಲಿ ಒಂದೊಂದನ್ನೂ ಬಿಡಿಸಿ ಕೇಳಬಲ್ಲ, ಇದು ತಂತಿಯದು, ಇದು ಅವಳ ಉಸಿರಿನದು, ಇದು ಲೋಳೆಯದು, ಇಲ್ಲ, ಇಲ್ಲ, ಇನ್ನೂ ಇಲ್ಲ, ಅಮ್ಮಾ ನನಗೆ ಒಂದು ದಿನವೂ ಕೇಳಿಸೇ ಇಲ್ಲ ಎಂದು ಈಗಲಾದರೂ ಹೇಳು, ಎಂದು ಒಳಗೊಬ್ಬ ತಿವಿಯುತ್ತಿದ್ದಾನೆ, ತಿವಿದದ್ದು ತಾಕುತ್ತಿಲ್ಲ, ಆಗ ಸಿಕ್ಕಿತು, ಹೊಕ್ಕುಳ ಬಲಕ್ಕೆ, ಅವನು ಒಂದು ದಿನವೂ ಹೆಚ್ಚು ಹೊತ್ತು ನಿಲ್ಲದ ಕಡೆ. ಎಂಥ ವೇಗ! ಅವಳು ಉದ್ದನೆಯ ಪರದೆಗೆ ನೇರ ಹೊಲಿಗೆ ಹಾಕುವಾಗ ಯಂತ್ರ ಓಡುತ್ತದಲ್ಲ, ಹಾಗೆ ಓಡುತ್ತಿದೆ, ಉಸಿರಿಗೆ ಬಿಡುವೇ ಇಲ್ಲದಂತೆ, ಬದುಕಿದೆ, ಅವನ ಮಗು ಬದುಕಿದೆ, ಮೊಟ್ಟಮೊದಲ ಸಲ ಕೇಳುತ್ತಿದ್ದಾನೆ. ಕುಣಿಯಬೇಕು ಅನ್ನಿಸಬೇಕಿತ್ತು. ಅನ್ನಿಸಿದ್ದು, ಇದು ಪಂಪಿನ ಲಯವಲ್ಲವಲ್ಲ, ಎಂದಷ್ಟೇ.

ಓಟ ತಗ್ಗುತ್ತದೆ, ತಡವರಿಸುತ್ತದೆ, ಮತ್ತೆ ಏರುತ್ತದೆ. ಡಾಕ್ಟರಮ್ಮ ಯಂತ್ರದಿಂದ ಇಳಿಯುತ್ತಿರುವ ಕಾಗದದ ಸುರುಳಿ ನೋಡುತ್ತ, ಇದೆ, ಆದ್ರೆ ಮಧ್ಯ ಮಧ್ಯ ಕುಸೀತಿದೆ, ಮಗು ದಣಿದಿದೆ, ಈಗ್ಲೇ ಆಪರೇಷನ್ ಮಾಡಿ ತೆಗೀಬೇಕು, ಈಗ ತೆಗೆದ್ರೆ ಉಳಿಸ್ಕೋಬಹುದು, ಎಂದಳು, ಶನಿವಾರದಿಂದ ಓಡಾಟ ಇಲ್ಲ ಅಂತೀರಿ, ಎರಡು ದಿನ ಏನ್ ಮಾಡ್ತಿದ್ರಿ? ಇಲ್ಲ ಡಾಕ್ಟ್ರೇ, ಎಂದಳು ಇವಳು, ಅವನ ಪರವಾಗಿ, ಅವನ ಹೆಮ್ಮೆಯನ್ನು ತಾನು ಹೊತ್ತುಕೊಂಡು, ನಾವು ಸುಮ್ನಿರ್ಲಿಲ್ಲ, ನಿನ್ನೆ ಇವ್ರು ಎರಡು ಸಲ ಕೇಳಿದ್ದಾರೆ, ಇವ್ರ ಕಿವಿ ಅಂಥದ್ದು, ರೀ, ತೋರಿಸ್ರೀ ಅವ್ರಿಗೆ, ನಿನ್ನೆ ಹೇಗಿತ್ತು ಅಂತ. ಮಣಿಕಟ್ಟು ಚಾಚಿದಳು. ಡಾಕ್ಟರಮ್ಮ ನೋಡುತ್ತಿದ್ದಾಳೆ, ನರ್ಸು ನೋಡುತ್ತಿದ್ದಾಳೆ. ಇಲ್ಲ ಎನ್ನಲು ಬಾಯಿ ತೆರೆದಿತ್ತು, ನಿಜಕ್ಕೂ ತೆರೆದಿತ್ತು, ಅಷ್ಟರಲ್ಲಿ ಅವನ ಎರಡು ಬೆರಳು ಅವಳ ಮಣಿಕಟ್ಟಿನ ಮೇಲೆ ಇಳಿದು ಬಡಿಯತೊಡಗಿದವು, ಟಕಟಕಟಕ, ಯಂತ್ರದ ವೇಗಕ್ಕೆ ಸರಿಯಾಗಿ, ಒಂದು ಬಡಿತವೂ ತಪ್ಪದೆ, ಒಳ್ಳೆಯ ಕಿವಿ.

ಹೀಗಲ್ಲ, ಎಂದಳು ಅವಳು. ಅವನು ನಿಲ್ಲಿಸಲಿಲ್ಲ. ಹೀಗಿರ್ಲಿಲ್ಲ, ನೀವು ಬಡೀತಿದ್ದದ್ದು, ನಂಗೊತ್ತಿಲ್ವಾ? ಡಾಕ್ಟ್ರೇ, ಇದು ಯಾವಾಗ್ಲೂ ಇಷ್ಟು ಜೋರಾಗೇ ಇರುತ್ತಾ? ಮೊದಲಿಂದ್ಲೂ ಇಷ್ಟೇಮ್ಮ, ಹೆಚ್ಚು ಕಡಿಮೆ ಇದೇ ವೇಗ, ಎಂದಳು ಡಾಕ್ಟರಮ್ಮ ಬರೆಯುತ್ತ, ಯಾಕೆ? ಏನಿಲ್ಲ. ಅವಳು ಮಣಿಕಟ್ಟನ್ನು ಅವನ ಬೆರಳ ಕೆಳಗಿನಿಂದ ಎಳೆದುಕೊಂಡಳು, ಸಿಟ್ಟಿನಿಂದಲ್ಲ, ಬಿಸಿ ಪಾತ್ರೆಯಿಂದ ಕೈ ತೆಗೆಯುವ ಹಾಗೆ. ಇಲ್ಲಿ ಸಹಿ ಹಾಕಿ, ಎಂದು ನರ್ಸು ಅವನ ಮುಂದೆ ಕಾಗದ ಸಿಕ್ಕಿಸಿದ ಹಲಗೆ ಹಿಡಿದಳು, ಹಾಕಿದ, ಇಲ್ಲೊಂದು, ಇಲ್ಲೊಂದು, ಉಂಗುರ ಬಳೆ ಬಿಚ್ಚಿ ನಿಮ್ಮ ಹತ್ರ ಇಟ್ಕೊಳ್ಳಿ, ಇಟ್ಟುಕೊಂಡ, ಚಪ್ಪಲಿ ಎಲ್ಲಿದೆ, ಇದೆ, ಹಿಡಿದಿದ್ದಾನೆ, ಮಂಚದ ಗಾಲಿಯ ತಡೆ ಬಿಡಿಸುತ್ತಿದ್ದಾರೆ, ಒಂದು ಗಾಲಿಗೆ ಎಣ್ಣೆ ಬೇಕು, ಯಂತ್ರ ಇನ್ನೂ ಓಡುತ್ತಿದೆ, ಕುಸಿದು, ಎದ್ದು, ಓಡುತ್ತಿದೆ, ಅವಳು ಅಳುತ್ತಿಲ್ಲ, ಅವನನ್ನು ಬೈಯುತ್ತಿಲ್ಲ, ನೋಡುತ್ತಲೂ ಇಲ್ಲ, ಅವಳ ಮುಖ ಮೇಲೆ ಛಾವಣಿಯ ಕಡೆಗಿದೆ, ಕೈ ಮಾತ್ರ ಕಟಕಟೆಯ ಮೇಲೆ, ಸೂಜಿಯಿಂದ ಒರಟಾದ ಎರಡು ಬೆರಳು, ಉಕ್ಕಿನ ಮೇಲೆ ಮೆಲ್ಲಗೆ ಬಡಿಯುತ್ತಿವೆ, ನಿಧಾನಕ್ಕೆ, ಒಂದೇ ಸಮ, ಅವನು ನಾಲ್ಕು ತಿಂಗಳು ಕಲಿಸಿದ ಲಯ, ಎರಡು ಬೆರಳು, ಏಳುತ್ತವೆ, ಬೀಳುತ್ತವೆ, ಟಕ್, ಎರಡು ಬೆರಳು, ಟಕ್, ಎರಡು ಬೆರಳು —