ಆರು ವ್ಯಾಟಿನ ಯಂತ್ರ

ಗಂಟಲಿನ ಗಡ್ಡೆಗೆ ಹದಿನೆಂಟು ದಿನ ಬಿಟ್ಟು ಆಪರೇಷನ್, ಆಮೇಲೆ ಅಮ್ಮನಿಗೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದವನೇ ನಾನು ಕಂಪ್ಯೂಟರ್ ಹುಡುಕಲು ಕೂತೆ. ನಗಬೇಡಿ. ಅಮ್ಮನ ಮಾತನ್ನೆಲ್ಲ ರೆಕಾರ್ಡ್ ಮಾಡಿ ಮನೆಯಲ್ಲೇ ಒಂದು ಸರ್ವರ್‌ನಲ್ಲಿಟ್ಟರೆ ನನ್ನ ಮಗಳೂ ಬೇರೆ ಊರಿನ ತಂಗಿಯೂ ಬೇಕೆಂದಾಗ ಕೇಳಬಹುದು. ಅದಕ್ಕೆ ಹಗಲೂ ರಾತ್ರಿ ಆನ್ ಆಗಿರುವ ಯಂತ್ರ ಬೇಕು. ನಮ್ಮಮ್ಮನೋ, ಮನೆಯ ಸ್ವಿಚ್ಚೆಲ್ಲ ಆರಿಸದೆ ಮಲಗುವವಳಲ್ಲ. ಕರೆಂಟ್ ಕುಡಿಯದ ಯಂತ್ರವಾದರೆ ಮಾತ್ರ ಉಳಿದೀತು.

ನಾನು ವೈರಿಂಗ್ ಕೆಲಸದವನು, ಅಳೆಯದೆ ಏನನ್ನೂ ನಂಬುವುದಿಲ್ಲ. ಅಟ್ಟದ ಹಳೇ ಕಂಪ್ಯೂಟರ್‌ಗೆ ಮೀಟರ್ ಹಾಕಿದೆ. ಸುಮ್ಮನೆ ಕೂತೇ ಎಪ್ಪತ್ತು ವ್ಯಾಟ್ ನುಂಗುತ್ತಿತ್ತು, ಹೊಟ್ಟೆಬಾಕ! ಅಂಗೈಯಗಲದ, ಒಂದೇ ಬೋರ್ಡಿನ ಕಂಪ್ಯೂಟರ್‌ಗೆ ನಾಲ್ಕೇ ವ್ಯಾಟ್ ಸಾಕು, ಆದರೆ ಅದರ ಮೆಮೊರಿ ಕಾರ್ಡ್ ಯಾವಾಗ ಕೈಕೊಡುತ್ತದೋ. ಆಫೀಸುಗಳು ಬಳಸಿ ಮಾರುವ ಸಣ್ಣ ಕಂಪ್ಯೂಟರ್ ಅಗ್ಗ, ಹತ್ತು ವ್ಯಾಟ್, ಫ್ಯಾನ್ ಮಾತ್ರ ಗುಂಯ್‌ಗುಡುತ್ತದೆ. ಕಾಲು ಸುಟ್ಟ ಬೆಕ್ಕಿನಂತೆ ಅಂಗಡಿಯಿಂದ ಅಂಗಡಿಗೆ ಅಲೆದೆ. ಏಣಿ ಹತ್ತಿ ನಿಂತಾಗಲೂ ತಲೆಯೊಳಗೆ ಅದೇ ಹುಳ.

“ರೀ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀತಿದೀರಲ್ಲ! ಮೊದ್ಲು ಫೋನಲ್ಲಾದ್ರೂ ನಾಲ್ಕು ಮಾತು ಹಿಡ್ಕೊಳ್ಳಿ” ಎಂದಳು ಹೆಂಡತಿ.

“ಫೋನು ಕಳೆದ್ರೆ? ಸರ್ವರ್ ಬರ್ಲಿ, ಆಮೇಲೆ ಅಚ್ಚುಕಟ್ಟಾಗಿ ಮಾಡೋಣ. ಅಮ್ಮಂಗೂ ಹೇಳಿದೀನಿ” ಎಂದು ರೇಗಿದೆ.

ನಿಜ ಹೇಳಿಬಿಡುತ್ತೇನೆ. ಅಮ್ಮನ ಎದುರು ಕೂತು ‘ಮಾತಾಡು’ ಅನ್ನಲು ನನಗೆ ಭಯವಿತ್ತು. ವ್ಯಾಟ್ ಎಣಿಸುವುದು ಸುಲಭ.

ಹದಿಮೂರನೇ ದಿನ ಸಿಕ್ಕಿತು. ಸೆಕೆಂಡ್ ಹ್ಯಾಂಡ್, ಫ್ಯಾನೇ ಇಲ್ಲ, ಮೀಟರ್‌ನಲ್ಲಿ ಆರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಅಮ್ಮನ ಕೋಣೆಗೆ ಓಡಿ ಫೋನ್ ಹಿಡಿದೆ.

“ಅಮ್ಮಾ, ಬಂತು! ಆರೇ ವ್ಯಾಟ್! ಈಗ ಮಾತಾಡು.”

ಅಮ್ಮ ಬಾಯಿ ತೆರೆದಳು. ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿ ಕೆಮ್ಮಿದಳು.

“ಬೆಳಿಗ್ಗೆ ನೀವು ಹೋದಾಗಿಂದ ಹೀಗೇ. ಫೋನ್ ಮಾಡಿದ್ರೆ ‘ಅಂಗಡೀಲಿದೀನಿ, ಆಮೇಲೆ’ ಅಂತ ಇಟ್ಬಿಟ್ರಿ” ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. ಡಾಕ್ಟರಿಗೆ ಫೋನ್ ಮಾಡಿದೆ. ಗಡ್ಡೆ ಬೆಳೆದಿರಬೇಕು, ಇನ್ನು ದನಿ ಬರುವುದು ಅನುಮಾನ ಎಂದರು.

ಅಮ್ಮ ದಿಂಬಿನ ಅಡಿಯಿಂದ ಕಾಗದ ತೆಗೆದಳು. ಎಂಟು ಹಾಳೆ, ಎರಡೂ ಬದಿ, ದುಂಡಗಿನ ಅಕ್ಷರ. ಮೊದಲ ಹಾಳೆ ನನಗೆ, ಆಮೇಲಿನವು ತಂಗಿಗೆ, ಮೊಮ್ಮಗಳಿಗೆ.

“ಅಜ್ಜಿ ದಿನಾ ಬಾಗ್ಲು ಹಾಕ್ಕೊಂಡು ಜೋರಾಗಿ ಓದಿ ಅಭ್ಯಾಸ ಮಾಡ್ತಿದ್ರು ಅಪ್ಪಾ. ನೀನು ಇವತ್ತು ಕರೀತೀಯ, ನಾಳೆ ಕರೀತೀಯ ಅಂತ” ಎಂದಳು ಮಗಳು.

ನಾನು ಗೊಳೋ ಎಂದು ಅತ್ತೆ. ಅಮ್ಮ ಹಾಳೆಗಳನ್ನು ನನ್ನ ಕೈಗೆ ತುರುಕಿ, ಫೋನಿನ ಕಡೆ ಬೆರಳು ತೋರಿಸಿದಳು. ನಾನೇ ಓದಬೇಕಂತೆ.

ಓದಿದೆ. ನಾನು ಅವಸರದಲ್ಲಿ ಒಂದು ಸಾಲು ನುಂಗಿದಾಗಲೆಲ್ಲ ಅಮ್ಮ ಮೊಣಕಾಲಿಗೆ ತಟ್ಟಿ, ಮತ್ತೆ ಮೊದಲಿಂದ ಓದಿಸಿದಳು.