ಮುಖ ನೋಡಲು ಬಾರದವರು

“ಅಮ್ಮಾ, ಹಣ್ಣಾಗೋದ್ವು!” ಎನ್ನುತ್ತ ಎಸ್ತೇರು ಅಂಗೈಯಲ್ಲೊಂದು ರೇಷ್ಮೆಹುಳ ಹಿಡಿದು ಹಿತ್ತಿಲ ಬಾಗಿಲಿನಿಂದ ಓಡಿಬಂದಳು.

ನಡುಮನೆಯಲ್ಲಿ ಅವಳ ಅಪ್ಪ ದೇವದಾನಪ್ಪನ ಶವದ ಪೆಟ್ಟಿಗೆ ಇತ್ತು. ತಲೆಯ ಕಡೆ ಕೂತಿದ್ದ ಸುವಾರ್ತಮ್ಮ ಹುಳವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ನಿನ್ನೆಯವರೆಗೆ ಬೆಳ್ಳಗಿದ್ದ ಮೈ ಈಗ ಮಾಗಿದ ದ್ರಾಕ್ಷಿಯ ಹಾಗೆ ಹಳದಿಗಟ್ಟಿತ್ತು. ಅನುಮಾನವೇ ಇಲ್ಲ. ಇವತ್ತೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ, ಗೂಡು ಕಟ್ಟಲು ಜಾಗ ಸಿಗದೆ ತಟ್ಟೆಯ ಕಸದಲ್ಲೇ ನೂಲು ಉಗುಳಿ ಎಲ್ಲವೂ ಹಾಳು.

“ಹನ್ನೊಂದಕ್ಕೆ ಪಾಸ್ಟರಯ್ಯ ಬರ್ತಾರೆ. ಚಿಂತಾಮಣಿಗೆ ಹೋಗಿ ಮಣ್ಣು ಮಾಡಿ ಬರೋ ಹೊತ್ತಿಗೆ ಸಂಜೆ ಆಗುತ್ತೆ. ಏನಮ್ಮ ಮಾಡೋದು?”

“ಹುಳದ ಮನೆ ಬಾಗಿಲು ಮುಂದಕ್ಕೆ ಹಾಕಿ ಬಾ. ಸಾಕಿದೋರೇ ಹೋದ್ರು, ಅವೂ ಹೋಗ್ಲಿ.”

ಬಾಯಿ ಹಾಗೆ ಅಂದಿತು, ಕೈ ಮಾತ್ರ ಹುಳವನ್ನು ಕೆಳಗಿಡಲಿಲ್ಲ. ನಿನ್ನೆ ಬೆಳಿಗ್ಗೆ ಸೊಪ್ಪಿನ ಮೂಟೆ ಹೊತ್ತು ತಂದು, “ನಾಳೆ ಹಣ್ಣಾಗ್ತವೆ ಕಣೇ, ಸೊಗಸಾಗಿ ಬಂದವೆ” ಎಂದು ಜಗಲಿಯ ಮೇಲೆ ಕೂತ ಮನುಷ್ಯ ಮತ್ತೆ ಏಳಲಿಲ್ಲ. ಅವನ ಕಡೆಯ ಮಾತು ಹುಳದ್ದೇ.

ಊರಿನವರನ್ನು ಕರೆಯೋಣವೆಂದರೆ, ಆ ಊರಲ್ಲೊಂದು ಕಟ್ಟುಪಾಡಿತ್ತು. ಹೆಣದ ಮುಖ ನೋಡಿದವರು, ಸಮಾಧಿಗೆ ಹೋದವರು ಅವತ್ತು ಹುಳ ಮುಟ್ಟುವಂತಿಲ್ಲ, ಮಿಂದರೂ ಇಲ್ಲ. ಸಾವಾದ ಮನೆಯವರಿಗಂತೂ ಹನ್ನೊಂದು ದಿನ. ಕೆಂಚಾರ್ಲಹಳ್ಳಿ ಸುತ್ತಿನಲ್ಲಿ ಇದನ್ನು ಮೀರಿದವನು ಒಬ್ಬನೇ, ಅವನು ಈಗ ಪೆಟ್ಟಿಗೆಯಲ್ಲಿದ್ದ.

ಗಂಡಸರು ಬಂದರು, ಹಾರ ಹಾಕಿದರು, ಕಣ್ಣೊರೆಸಿಕೊಂಡರು. ಸುವಾರ್ತಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಊರಿನ ಅರ್ಧ ಹೆಂಗಸರ ಸುಳಿವೇ ಇಲ್ಲ. ಅವರು ಹಾಳಾಗಿ ಹೋಗಲಿ, ಎದುರು ಮನೆಯ ಗಂಗುಲಮ್ಮ? ಅವಳ ಮಗ ಕೋನಪ್ಪನೇ ಟ್ರಾಕ್ಟರು ತಂದು ನಿಲ್ಲಿಸಿದ್ದ.

“ನಿಮ್ಮಮ್ಮ ಎಲ್ಲೋ, ಕೋನಪ್ಪ?”

ಅವನು ನೆಲ ನೋಡಿದ. “ಬರಕ್ಕೆ ಆಗ್ಲಿಲ್ಲ ಕಣತ್ತೆ.”

“ಆಗ್ಲಿಲ್ವಂತೆ! ಅವರ ಹುಳಕ್ಕೆ ಮೈಲಿಗೆ ಆಗುತ್ತಲ್ಲ,” ಎಂದಳು ಸುವಾರ್ತಮ್ಮ. ಕೋನಪ್ಪ ಟ್ರಾಕ್ಟರಿನ ಕಡೆ ನಡೆದ.

*

ಎಂಟು ವರ್ಷದ ಕೆಳಗೆ ಗಂಗುಲಮ್ಮನ ಗಂಡ ವೆಂಕಟರವಣಪ್ಪ ತೀರಿಕೊಂಡಾಗ ಅವಳ ಮನೆಯಲ್ಲೂ ಹುಳ ಇತ್ತು. ಮೂರನೇ ಜ್ವರ ಮುಗಿಸಿ ಪೊರೆ ಕಳಚಿ ಎದ್ದ ಹುಳಗಳು, ಹಾಕಿದಷ್ಟೂ ತಿನ್ನುವ ಕಾಲ. ಮನೆಯವರು ಸೂತಕದಲ್ಲಿ ಮೂಲೆ ಹಿಡಿದರು, ನೆಂಟರು ಹತ್ತಿರ ಸುಳಿಯಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟು ಬಂದ ದೇವದಾನಪ್ಪ ಬಾವಿಯಲ್ಲಿ ಮುಳುಗೆದ್ದು, ಸೊಪ್ಪಿನ ಬುಟ್ಟಿ ಹೊತ್ತು ನೆಟ್ಟಗೆ ಅವರ ಹುಳದ ಮನೆಗೆ ಹೋದ.

“ನಮ್ಮ ಮತದಲ್ಲಿ ಸೂತಕ ಇಲ್ಲಕ್ಕ. ಸತ್ತೋರು ದೇವರ ಹತ್ರ ಹೋದ್ರು, ಇದ್ದೋರ ಹೊಟ್ಟೆ ನೋಡ್ಬೇಕಲ್ಲ,” ಎಂದ.

ಹನ್ನೊಂದು ದಿನ, ದಿನಕ್ಕೆ ಐದು ಸಲ ಸೊಪ್ಪು. ಸೊಪ್ಪು ಹಾಕುತ್ತ ಯೇಸಪ್ಪನ ಮೇಲಿನ ತೆಲುಗು ಹಾಡೊಂದನ್ನು ಗುನುಗುವನು. ರಾಗ ಎತ್ತಲೋ, ತಾಳ ಎತ್ತಲೋ. ಅಳುತ್ತಾ ಕೂತಿದ್ದ ಗಂಗುಲಮ್ಮ ಒಂದು ದಿನ ಒಳಗಿನಿಂದ ಕೂಗಿದಳು: “ಲೇ ದೇವದಾನ, ನನ್ನ ಹುಳವೆಲ್ಲ ನಿನ್ನ ಮತಕ್ಕೆ ಸೇರ್ಕೊಂಡ್ಬಿಟ್ಟಾವು ಕಣೋ!” ಗಂಡ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆಮೇಲೆ ಅದೇ ರೂಢಿಯಾಯಿತು. ಯಾರ ಮನೆಯಲ್ಲಿ ಸಾವಾದರೂ ಅವರ ಹುಳಕ್ಕೆ ದೇವದಾನಪ್ಪ. ಸುವಾರ್ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. “ನಮ್ಮ ಹುಳ ಉಪವಾಸ, ಊರಿನ ಹುಳಕ್ಕೆ ಹಬ್ಬ. ನಾಳೆ ನಮ್ಮನೇಲಿ ಹಿಂಗಾದ್ರೆ ಯಾವೋನು ಬರ್ತಾನೆ?”

“ಯಾರಾದ್ರೂ ಬರ್ತಾರೆ ಬಿಡೇ.”

“ಯಾರು, ಹೆಸರು ಹೇಳಿ ನೋಡಣ.”

ಅವನು ನಗುತ್ತಿದ್ದ, ಹೆಸರು ಹೇಳುತ್ತಿರಲಿಲ್ಲ.

*

ಟ್ರಾಕ್ಟರು ಚಿಂತಾಮಣಿಯ ದಾರಿ ಹಿಡಿಯಿತು. ಪ್ರತಿ ಭಾನುವಾರ ಇದೇ ದಾರಿಯಲ್ಲಿ ಅವಳನ್ನು ಸೈಕಲ್ಲಿನ ಹಿಂದೆ, ಎಸ್ತೇರನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಅವನು ಚರ್ಚಿನ ಸಭೆಗೆ ತುಳಿದವನು. ದಿಣ್ಣೆ ಬಂದರೆ ಇಳಿದು ತಳ್ಳುವನು, ಅವರನ್ನು ಮಾತ್ರ ಇಳಿಸುತ್ತಿರಲಿಲ್ಲ. ಹೋದ ವರ್ಷ ಚಿಕುನ್‌ಗುನ್ಯಾ ಬಂದು ಸುವಾರ್ತಮ್ಮನ ಬೆರಳು ಮಡಚದಂತಾದಾಗ ಒಂದು ತಿಂಗಳು ಅವನೇ ಅವಳ ತಲೆ ಬಾಚಿದ. ಜಡೆ ಹಗ್ಗ ಹೊಸೆದಂತಿರುತ್ತಿತ್ತು. ಅದನ್ನೇ ಹಾಕಿಕೊಂಡು ಅವಳು ಸಭೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದಳು.

“ಅಮ್ಮ, ಅಪ್ಪ ನನಗೆ ಒಂದ್ಸಲಾನೂ ಹೊಡ್ದಿಲ್ಲ ಅಲ್ವಾ?” ಎಂದಳು ಎಸ್ತೇರು.

“ಅದಕ್ಕೂ ಸೇರಿಸಿ ನಾನೇ ಹೊಡೀತಿದ್ದೆ,” ಎಂದಳು ಸುವಾರ್ತಮ್ಮ. ಇಬ್ಬರೂ ನಕ್ಕು, ನಗುತ್ತಲೇ ಅತ್ತರು.

ಸಮಾಧಿಯ ಬಳಿ ಪಾಸ್ಟರಯ್ಯ ಬೈಬಲಿನ ವಾಕ್ಯ ಓದಿದರು. ಸಭೆಯವರು ಎದೆ ತುಂಬಿ ಹಾಡಿದರು. ಮೂರು ಹಿಡಿ ಮಣ್ಣು ಹಾಕುವಾಗ ಸುವಾರ್ತಮ್ಮ ಮನಸ್ಸಿನಲ್ಲೇ ಗಂಡನಿಗೆ ಅಂದಳು: ‘ನೋಡಿದ್ರಾ? ಹನ್ನೊಂದು ದಿನ ದುಡಿದ್ರಲ್ಲ, ಅವಳು ಒಂದು ಗಳಿಗೆ ಮುಖ ನೋಡಕ್ಕೆ ಬರ್ಲಿಲ್ಲ.’ ಅಂದದ್ದಕ್ಕೆ ಅವಳಿಗೇ ಸಂಕಟವಾಯಿತು.

*

ಹಿಂತಿರುಗಿ ಟ್ರಾಕ್ಟರು ಬೀದಿಗೆ ತಿರುಗಿದಾಗ ನಾಲ್ಕು ದಾಟಿತ್ತು. ಸುವಾರ್ತಮ್ಮ ಮೊದಲು ಕಂಡದ್ದು ತನ್ನ ಮನೆಯ ಗೋಡೆ. ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿತ್ತು. ಪಕ್ಕದ ಮನೆಯ ಗೋಡೆಗೂ ಒರಗಿಸಿತ್ತು, ಅದರಾಚೆಯದಕ್ಕೂ. ಒಂದೊಂದರ ಅಂಚಿನಲ್ಲೂ ಒಂದೊಂದು ಮನೆಯವರ ಗುರುತು. ಬಿದಿರಿನ ಸುತ್ತುಗಳಲ್ಲಿ ಹಣ್ಣುಹುಳಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತ ಮೊದಲ ಎಳೆ ಬಿಡುತ್ತಿದ್ದವು.

ಇಳಿದು ಓಡಿದಳು. ಹುಳದ ಮನೆಯ ಹೊಸ್ತಿಲಲ್ಲಿ ಗಂಗುಲಮ್ಮ ಅಡ್ಡ ನಿಂತಿದ್ದಳು. ತಲೆಗೆ ನೀರು ಹಾಕಿಕೊಂಡು ಕಟ್ಟಿದ ತುರುಬು, ಒದ್ದೆ ರವಿಕೆ. ಹಿಂದೆ ಹನ್ನೆರಡು ಹೆಂಗಸರು ಖಾಲಿ ತಟ್ಟೆಗಳನ್ನು ಕಸ ಉದುರಲೆಂದು ಬಡಿಯುತ್ತಿದ್ದರು.

“ಅಲ್ಲೇ ನಿಲ್ಲೇ! ಮುಟ್ಟಬೇಡ. ಇನ್ನೊಂದು ತಟ್ಟೆ ಐತೆ.”

“ಅಕ್ಕಾ…”

“ಮುಖ ನೋಡಿದ್ರೆ ಹುಳ ಮುಟ್ಟಂಗಿಲ್ಲ. ಅದಕ್ಕೇ ಬರ್ಲಿಲ್ಲ ಕಣೇ. ಬೆಳಿಗ್ಗೆಯಿಂದ ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ವಿ, ನಿಮ್ಮ ಟ್ರಾಕ್ಟರು ಹೊರಡಲಿ ಅಂತ. ನೀನು ಅಳೋದು ಕೇಳಿಸ್ತಿತ್ತು.” ಅವಳ ಗಟ್ಟಿ ದನಿ ಒಡೆಯಿತು. “ನನ್ನ ತಮ್ಮನ ಮುಖ ಕಡೇ ಸಲ ನೋಡ್ಲಿಲ್ಲ ನಾನು.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ‘ಬೇಡ, ಬಂದು ಮುಖ ನೋಡಕ್ಕ’ ಅಂತಿದ್ದೆ. ನಾನು ಬಂದ್ಬಿಡ್ತಿದ್ದೆ.”

ಹೊಸ್ತಿಲ ಆಚೆ ಒಬ್ಬಳು, ಈಚೆ ಒಬ್ಬಳು, ಮುಟ್ಟದೆಯೇ ಅತ್ತರು. ಗಂಡ ಹೇಳದೆ ಉಳಿಸಿದ್ದ ಹೆಸರುಗಳು ಇಷ್ಟೊಂದು ಇದ್ದವೇ ಎಂದು ಸುವಾರ್ತಮ್ಮ ಒಬ್ಬೊಬ್ಬರನ್ನೇ ನೋಡಿದಳು. ಲಕ್ಷ್ಮಿದೇವಮ್ಮ ಇದ್ದಳು, ಮುನಿಗಂಗಮ್ಮ ಇದ್ದಳು. ದುಃಖ ಎಲ್ಲಿತ್ತೋ ಅಲ್ಲೇ ಸಂತೋಷವೂ ಬಂದು ಕೂತಿತು.

ಕಡೆಯ ತಟ್ಟೆ ಮುಗಿಯಿತು. ಗಂಗುಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಬೀದಿಗೆ ಬಂದಳು. “ಕೋನಪ್ಪ, ಆಫ್ ಮಾಡಬೇಡ. ತಿರುಗಿಸು. ಅವನನ್ನ ಇಟ್ಟಿರೋ ಜಾಗಾನಾದ್ರೂ ನೋಡ್ಬೇಕು.”

“ಅಮ್ಮ, ಸಮಾಧಿಗೆ ಹೋದ್ರೆ ಇವತ್ತು ನಮ್ಮ ಹುಳಕ್ಕೆ ಸೊಪ್ಪು ಹಾಕೋರು ಯಾರು? ಈ ಹನ್ನೆರಡು ಮನೆಯೋರದ್ದೂ ಇದಾವೆ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಾನು ಹಾಕ್ತೀನಿ,” ಎಂದಳು ಸುವಾರ್ತಮ್ಮ. “ನಮ್ಮ ಮತದಲ್ಲಿ ಸೂತಕ ಇಲ್ಲಕ್ಕ.”

ಊರಿಗೆಲ್ಲ ಮಡಿ ಹೇಳುವ ಗಂಗುಲಮ್ಮ ಏನನ್ನುತ್ತಾಳೋ ಎಂದು ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಸುವಾರ್ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ತಲೆಗೆ ನೀರು ಹಾಕ್ಕೊಂಡು ಹೋಗು. ನಮ್ಮನೇಲಿ ಮೂಲೆ ತಟ್ಟೆಗೆ ಮೊದಲು ಹಾಕು, ಅವಕ್ಕೆ ಹಸಿವು ಜಾಸ್ತಿ.”

ಹದಿಮೂರು ಹೆಂಗಸರು ಸೀರೆ ಎತ್ತಿಕಟ್ಟಿ, ಚೆಂಡುಹೂವಿನ ಎಸಳು ಇನ್ನೂ ಚೆಲ್ಲಿದ್ದ ಟ್ರಾಕ್ಟರು ಹತ್ತಿದರು.

ಅದರ ಸದ್ದು ದೂರವಾಗುವ ಹೊತ್ತಿಗೆ ಸುವಾರ್ತಮ್ಮ ಮಿಂದು, ಸೊಪ್ಪಿನ ಬುಟ್ಟಿ ತಲೆಯ ಮೇಲಿಟ್ಟು, ಎಸ್ತೇರನ್ನು ಹಿಂದೆ ಕರೆದುಕೊಂಡು ಬೀದಿ ದಾಟಿದಳು. ಗಂಗುಲಮ್ಮನ ಹುಳದ ಮನೆಯ ಕದ ತಳ್ಳಿ ಮೂಲೆಯ ತಟ್ಟೆಗೆ ಮೊದಲು ಸೊಪ್ಪು ಹರಡಿದಳು. ಹುಳಗಳು ಮೇಯುವ ಸದ್ದು ಎದ್ದಿತು. ಆ ಸದ್ದಿನೊಳಗೆ ಅವಳ ಗಂಟಲಿನಿಂದ ಗಂಡನ ಆ ತೆಲುಗು ಹಾಡು ಹೊರಟಿತು, ರಾಗ ಎತ್ತಲೋ, ತಾಳ ಎತ್ತಲೋ.